‘ದೇಯಿ’: ಗುಡಿಯಲ್ಲಿ ಉಳಿದು ತೊಟ್ಟಿಲಿನಿಂದ ಮರೆಯಾದ ಹೆಸರು

ಪುತ್ತೂರು: ಪುತ್ತೂರು ತಾಲ್ಲೂಕಿನ ಬಡಗನ್ನೂರು ಗ್ರಾಮದ ಪಡುಮಲೆ ಹಾಗೂ ಗೆಜ್ಜೆಗಿರಿಗೆ ಬರುವ ಭಕ್ತರ ಬಾಯಲ್ಲಿ ಹೆಚ್ಚು ಕೇಳಿಬರುವ ಹೆಣ್ಣಿನ ಹೆಸರೆಂದರೆ ‘ದೇಯಿ’. ತುಳುನಾಡಿನ ವೀರರಾದ ಕೋಟಿ–ಚೆನ್ನಯರನ್ನು ಹೆತ್ತ ದೇಯಿ ಬೈದೆತಿಯ ಹೆಸರದು. ಆಕೆಯ ಹೆಸರಿನಲ್ಲಿ ಗುಡಿಯಿದೆ, ಔಷಧಿವನವಿದೆ, ಯಕ್ಷಗಾನ ಪ್ರಸಂಗ, ನಾಟಕಗಳಲ್ಲಿ ಆಕೆಯ ಪಾತ್ರವಿದೆ. 2019ರಲ್ಲಿ ಆಕೆಯ ಹೆಸರನ್ನೇ ಹೊತ್ತ ತುಳು ಚಲನಚಿತ್ರವೂ ತೆರೆಗೆ ಬಂದಿದೆ. ಆದರೆ ಇದೇ ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳ ಶಾಲೆಯೊಂದರ ಹಾಜರಿ ಪುಸ್ತಕದಲ್ಲಿ ಇಂದು ‘ದೇಯಿ’ ಎಂಬ ಹೆಸರಿನ ಬಾಲಕಿ ಸಿಗುವುದು ಅಪರೂಪ.

ಕೈಮುಗಿಯುವ ಹೆಸರನ್ನು ಮಗುವಿಗೆ ಇಡಲು ನಾವು ಹಿಂಜರಿಯುವುದೇಕೆ? ಹೆಸರಿನ ಅರ್ಥದಲ್ಲಿ ಏನಾದರೂ ಕೊರತೆಯಿದೆಯೇ? ಅಥವಾ ಕಾರಣ ಬೇರೆಲ್ಲೋ ಇದೆಯೇ? ಹಳೆಯ ಹೆಸರುಗಳತ್ತ ಹೊಸ ತಲೆಮಾರಿನ ತಂದೆ–ತಾಯಿಯರು ಮತ್ತೆ ಕುತೂಹಲದಿಂದ ನೋಡುತ್ತಿರುವ ಈ ಹೊತ್ತಿನಲ್ಲಿ ಈ ಪ್ರಶ್ನೆಗಳನ್ನು ಪರಿಶೀಲಿಸುವುದು ಉಚಿತ.

ಹೆಸರಿನ ಅರ್ಥ

‘ದೇಯಿ’ ಎಂಬುದು ‘ದೇವಿ’ ಎಂಬ ಪದದ ಆಡುರೂಪವೆಂದೇ ಸಾಮಾನ್ಯವಾಗಿ ತಿಳಿಯಲಾಗಿದೆ. ಎರಡು ಸ್ವರಗಳ ನಡುವೆ ಬರುವ ವಕಾರವು ಮಾತಿನಲ್ಲಿ ಸವೆದು ಯಕಾರವಾಗುವುದು ಇಲ್ಲವೇ ಪೂರ್ತಿ ಬಿದ್ದುಹೋಗುವುದು ನಮ್ಮ ಭಾಷೆಗಳಲ್ಲಿ ಹೊಸತೇನಲ್ಲ. ಉತ್ತರ ಭಾರತದ ಪಂಜಾಬ್, ಹಿಮಾಚಲ ಮೊದಲಾದ ಕಡೆಗಳಲ್ಲಿಯೂ ಹಳೆಯ ತಲೆಮಾರಿನ ಹೆಂಗಸರ ಹೆಸರುಗಳ ಕೊನೆಗೆ ‘ದೇಈ’ ಎಂಬ ರೂಪ ಕಾಣಸಿಗುತ್ತದೆ. ಅದೂ ‘ದೇವಿ’ಯೇ. ಹೀಗಾಗಿ ಮೊದಲ ಬಾರಿ ಕೇಳುವವರಿಗೆ ಎಷ್ಟೇ ಅಪರಿಚಿತವೆನಿಸಿದರೂ, ನಾಡಿನ ಮನೆಮನೆಯಲ್ಲಿರುವ ಶ್ರೀದೇವಿ, ಮಹಾದೇವಿಯರಿಗೆ ‘ದೇಯಿ’ ಹತ್ತಿರದ ನೆಂಟಳು.

‘ಬೈದೆತಿ’ ಎಂಬುದು ಹೆಸರಿನ ಎರಡನೆಯ ಭಾಗ. ಇದು ‘ಬೈದ್ಯ’ ಎಂಬುದರ ಸ್ತ್ರೀಲಿಂಗ ರೂಪ. ‘ಬೈದ್ಯ’ ಎಂಬುದು ‘ವೈದ್ಯ’ದಿಂದ ಬಂದುದೆಂದು ಹೇಳಲಾಗುತ್ತದೆ. ತುಳುನಾಡಿನ ಬಿಲ್ಲವ ಸಮುದಾಯದಲ್ಲಿ ಮೂರ್ತೆಗಾರಿಕೆಯ ಜೊತೆಗೆ ನಾಟಿವೈದ್ಯದ ಪರಂಪರೆಯೂ ಇತ್ತು. ‘ಬೈದ್ಯ’ ಎಂಬುದು ಹಳೆಯ ತಲೆಮಾರಿನ ಬಿಲ್ಲವರ ಹೆಸರಿನೊಂದಿಗೆ ಸೇರಿಕೊಂಡೇ ಬರುತ್ತಿತ್ತು. ಆದ್ದರಿಂದ ‘ದೇಯಿ ಬೈದೆತಿ’ ಎಂದಾಗ ‘ಮದ್ದು ಬಲ್ಲ ಮನೆತನದ ದೇಯಿ’ ಎಂಬ ಧ್ವನಿ ಅದರಲ್ಲಿ ಇದ್ದೇ ಇದೆ.

ತುಳುವಿನಲ್ಲಿ ಹೆಸರಿಗೆ ‘ಪುದರ್’ ಎನ್ನುತ್ತಾರೆ. ಹಳಗನ್ನಡದ ‘ಪೆಸರ್’, ತಮಿಳಿನ ‘ಪೆಯರ್’ ಇವೆಲ್ಲ ಒಂದೇ ಬೇರಿನ ಪದಗಳು. ತುಳುವಿನ ಪದಸಂಪತ್ತನ್ನು ಮೊದಲು ಬೃಹತ್ತಾಗಿ ಸಂಗ್ರಹಿಸಿದವರು ಬಾಸೆಲ್ ಮಿಷನ್ನಿನ ಎ. ಮ್ಯಾನರ್. ಅವರ ತುಳು–ಇಂಗ್ಲಿಷ್ ನಿಘಂಟು 1886ರಲ್ಲಿ ಮಂಗಳೂರಿನಲ್ಲಿ ಮುದ್ರಣಗೊಂಡಿತು. ಅನಂತರ ಉಡುಪಿಯ ಎಂ.ಜಿ.ಎಂ. ಕಾಲೇಜಿನ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರವು ಯು.ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ 1988ರಿಂದ 1997ರವರೆಗೆ ಆರು ಸಂಪುಟಗಳ ತುಳು ನಿಘಂಟನ್ನು ಹೊರತಂದಿತು.

ಚಿನ್ನದ ಹೆಸರಿನಿಂದ ಚಿಕ್ಕ ಹೆಸರಿಗೆ

ಆದರೆ ನಿಘಂಟಿನ ಅರ್ಥವೊಂದರಿಂದಲೇ ಈ ಹೆಸರಿನ ತೂಕ ತಿಳಿಯಲಾರದು. ಅದರ ನಿಜವಾದ ಅರ್ಥವಿರುವುದು ಪಾಡ್ದನದಲ್ಲಿ. ಪಾಡ್ದನಗಳೆಂದರೆ ತುಳುವಿನ ಮೌಖಿಕ ಕಥನಗೀತಗಳು. ನೇಮದ ಸಂದರ್ಭದಲ್ಲಿ ದೈವನರ್ತಕರ ಮನೆತನದವರೂ, ಗದ್ದೆಯಲ್ಲಿ ನೇಜಿ ನೆಡುವಾಗ ಹೆಂಗಸರೂ ಇವನ್ನು ಹಾಡುತ್ತ ಬಂದಿದ್ದಾರೆ. ಹಾಡುವವರು ಬದಲಾದಂತೆ ವಿವರಗಳೂ ಬದಲಾಗುತ್ತವೆ. ದೇಯಿಯ ಹುಟ್ಟಿನ ಭಾಗದ ಬಗ್ಗೆ ಭಿನ್ನಾಭಿಪ್ರಾಯಗಳೂ ಇವೆ. ಹಾಗಿದ್ದರೂ ಹೆಚ್ಚು ಪ್ರಚಲಿತವಾಗಿರುವ ಕಥೆಯ ಹಂದರ ಹೀಗಿದೆ.

ಮಕ್ಕಳಿಲ್ಲದ ಬ್ರಾಹ್ಮಣ ದಂಪತಿಗೆ ಹಕ್ಕಿಯ ಮೊಟ್ಟೆಯೊಂದು ದೊರೆಯುತ್ತದೆ. ಅದರಿಂದ ಹೆಣ್ಣುಮಗುವೊಂದು ಹುಟ್ಟುತ್ತದೆ. ಮಗುವಿಗೆ ಅವರು ಇಟ್ಟ ಹೆಸರು ‘ಸುವರ್ಣ ಕೇದಗೆ’. ಚಿನ್ನದಂಥ ಕೇದಗೆ ಹೂವು ಎಂಬ, ಕೇಳಲು ಬಲು ಇಂಪಾದ ಹೆಸರು. ಮುದ್ದಿನಿಂದ ಬೆಳೆದ ಆ ಹುಡುಗಿ ಮದುವೆಗೆ ಮುನ್ನವೇ ಋತುಮತಿಯಾಗುತ್ತಾಳೆ. ಅಂದಿನ ಕಟ್ಟಳೆಯಂತೆ ಆಕೆಯ ಕಣ್ಣಿಗೆ ಬಟ್ಟೆ ಕಟ್ಟಿ, ಕಾಡಿಗೆ ಒಯ್ದು, ಅಲ್ಲಿಯೇ ಬಿಟ್ಟು ಬರಲಾಗುತ್ತದೆ.

ಕಾಡಿನಲ್ಲಿ ಅಳುತ್ತಿದ್ದ ಹುಡುಗಿಯ ದನಿ ಕೇಳಿದವನು ಸಾಯನ ಬೈದ್ಯ. ಆತ ಆಕೆಯ ಕಣ್ಣಿನ ಕಟ್ಟು ಬಿಚ್ಚಿ, ತನ್ನ ಮನೆಗೆ ಕರೆತಂದು, ಒಡಹುಟ್ಟಿದವಳಂತೆ ನೋಡಿಕೊಳ್ಳುತ್ತಾನೆ. ಆ ಮನೆಯಲ್ಲಿ ಆಕೆಗೆ ದೊರೆತ ಹೊಸ ಹೆಸರೇ ‘ದೇಯಿ’. ಮುಂದೆ ಕಾಂತಣ್ಣ ಬೈದ್ಯನೊಂದಿಗೆ ಆಕೆಯ ಮದುವೆಯೂ ನಡೆಯುತ್ತದೆ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಹೊರಹಾಕಲ್ಪಟ್ಟಾಗ ಆಕೆಗಿದ್ದದ್ದು ಉದ್ದವಾದ, ಅಲಂಕಾರದ ಹೆಸರು. ಒಳಗೆ ಕರೆದುಕೊಂಡ ಮನೆ ಕೊಟ್ಟದ್ದು ಎರಡಕ್ಷರದ ಸರಳ ತುಳು ಹೆಸರು. ತುಳುನಾಡು ನೆನಪಿಟ್ಟುಕೊಂಡದ್ದು ಎರಡನೆಯದನ್ನು. ಸುವರ್ಣ ಕೇದಗೆ ಎಂಬ ಹೆಸರು ಕಥೆಯ ಆರಂಭದಲ್ಲಿಯೇ ಉಳಿದುಹೋಯಿತು. ಆಕೆ ವೈದ್ಯಳಾದದ್ದು, ತಾಯಿಯಾದದ್ದು, ಪೂಜೆಗೊಳ್ಳುತ್ತಿರುವುದು ದೇಯಿ ಎಂಬ ಹೆಸರಿನಲ್ಲಿ. ಬರಿಯ ‘ದೇವಿ’ ಎಂಬುದಕ್ಕಿಂತ ಈ ಹೆಸರಿನಲ್ಲಿ ಹೆಚ್ಚಿನದೇನೋ ಇದೆಯೆಂದಾದರೆ ಅದು ಇದೇ: ಯಾರಿಗೂ ಬೇಡವಾದವಳನ್ನು ನಮ್ಮವಳೆಂದು ಒಪ್ಪಿಕೊಂಡಾಗ ಇಟ್ಟ ಹೆಸರು ಇದು.

ಮದ್ದು ಕೊಟ್ಟವಳು

ಪಡುಮಲೆಯ ಬಲ್ಲಾಳನ ಕಾಲಿಗೆ ಬೇಟೆಯ ವೇಳೆ ಮುಳ್ಳು ಚುಚ್ಚಿ, ಗಾಯ ಉಲ್ಬಣಿಸಿ, ಬಂದ ವೈದ್ಯರಿಂದೆಲ್ಲ ಗುಣವಾಗದೇ ಹೋದಾಗ ಕರೆ ಹೋದದ್ದು ದೇಯಿಗೆ. ಆಗ ಆಕೆ ತುಂಬು ಗರ್ಭಿಣಿ. ಆ ಸ್ಥಿತಿಯಲ್ಲಿಯೂ ಬಂದು ಬೇರು–ಸೊಪ್ಪುಗಳ ಮದ್ದಿನಿಂದ ಬಲ್ಲಾಳನನ್ನು ಗುಣಪಡಿಸಿದಳು. ಪಡುಮಲೆಯಲ್ಲಿ ಅರಣ್ಯ ಇಲಾಖೆಯು ದೇಯಿ ಬೈದೆತಿಯ ಹೆಸರಿನಲ್ಲಿ ಔಷಧಿವನ ರೂಪಿಸಿರುವುದರ ಹಿನ್ನೆಲೆ ಇದು.

ಅನಂತರ ಆಕೆ ಅವಳಿ ಗಂಡುಮಕ್ಕಳನ್ನು ಹೆತ್ತಳು. ಕೋಟೇಶ್ವರ ದೇವರ ಹೆಸರಿನಿಂದ ಒಬ್ಬನಿಗೆ ಕೋಟಿಯೆಂದೂ, ಚೆನ್ನಕೇಶವನ ಹೆಸರಿನಿಂದ ಇನ್ನೊಬ್ಬನಿಗೆ ಚೆನ್ನಯನೆಂದೂ ಹೆಸರಿಡಲಾಯಿತೆಂಬುದು ರೂಢಿಯಲ್ಲಿರುವ ಕಥೆ. ಮಕ್ಕಳು ಹುಟ್ಟಿದ ಸ್ವಲ್ಪ ಕಾಲದಲ್ಲಿಯೇ ದೇಯಿ ತೀರಿಕೊಂಡಳು. ತಾಯಿಯ ಮುಖವನ್ನು ನೆನಪಿನಲ್ಲಿ ಉಳಿಸಿಕೊಳ್ಳಲಾಗದ ಆ ಮಕ್ಕಳನ್ನು ಬೆಳೆಸಿದವನು ಸೋದರಮಾವನ ಸ್ಥಾನದಲ್ಲಿದ್ದ ಸಾಯನ ಬೈದ್ಯ.

ತುಳುನಾಡಿನ ಹಲವು ಸಮುದಾಯಗಳಲ್ಲಿ ಅಳಿಯಸಂತಾನದ ಪದ್ಧತಿಯಿತ್ತು. ಮಕ್ಕಳು ತಾಯಿಯ ಕುಟುಂಬಕ್ಕೆ, ತಾಯಿಯ ‘ಬರಿ’ಗೆ ಸೇರಿದವರು. ಹೀಗಾಗಿ ಕೋಟಿ–ಚೆನ್ನಯರು ಇಂದಿಗೂ ‘ದೇಯಿಯ ಮಕ್ಕಳು’ ಎಂದೇ ಗುರುತಿಸಲ್ಪಡುತ್ತಾರೆ. ಕಾಂತಣ್ಣನ ಮಕ್ಕಳು ಎಂದು ಹೇಳುವವರು ವಿರಳ.

ಪಡುಮಲೆಯಿಂದ ಎಣ್ಮೂರಿನವರೆಗೆ

ಈ ಕಥೆಯ ಭೂಪಟವೇ ಇಂದಿನ ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳ ಭೂಪಟ. ಮೊದಲು ಪುತ್ತೂರು ಮತ್ತು ಸುಳ್ಯಕ್ಕೆ ಸೇರಿದ್ದ ಗ್ರಾಮಗಳನ್ನು ಒಟ್ಟುಗೂಡಿಸಿ ಕಡಬ ತಾಲ್ಲೂಕನ್ನು ರಚಿಸಲಾಗಿದೆ. ತಾಲ್ಲೂಕಿನ ಗೆರೆಗಳು ಬದಲಾದರೂ ಪಾಡ್ದನದ ದಾರಿ ಬದಲಾಗಿಲ್ಲ. ಪಡುಮಲೆಯಲ್ಲಿ ಬುದ್ಯಂತನೊಂದಿಗಿನ ಗದ್ದೆಯ ಜಗಳ ಕೊಲೆಯಲ್ಲಿ ಮುಗಿದ ಮೇಲೆ, ಬಲ್ಲಾಳನಿಂದಲೂ ನ್ಯಾಯ ದೊರೆಯದೆ ಅಣ್ಣತಮ್ಮಂದಿರು ಊರು ಬಿಡುತ್ತಾರೆ. ಪೂರ್ವಕ್ಕೆ ನಡೆದು ಸೇರುವುದು ಪಂಜವನ್ನು.

ಪಂಜದಲ್ಲಿ ಬಾಯಾರಿ ಬಂದ ಇಬ್ಬರು ಅಪರಿಚಿತರಿಗೆ ಮನೆಯೊಂದರ ಹೆಂಗಸು ನೀರು ಕೊಡುತ್ತಾಳೆ. ಮಾತಿಗೆ ಮಾತು ಬೆಳೆದು, ಹುಟ್ಟಿದ ಮನೆಯ ವಿಚಾರ ಬಂದಾಗ ಗುರುತು ಹತ್ತುತ್ತದೆ. ಆಕೆ ಕಿನ್ನಿದಾರು. ದೇಯಿಯ ಹಿರಿಯ ಮಗಳು, ಪಯ್ಯ ಬೈದ್ಯನ ಮಡದಿ. ಒಡಹುಟ್ಟಿದವರು ಮೊದಲ ಬಾರಿ ಮುಖ ನೋಡಿದ್ದು ಹೀಗೆ. ‘ಕಿನ್ನಿ’ ಎಂದರೆ ತುಳುವಿನಲ್ಲಿ ಚಿಕ್ಕದು, ಎಳೆಯದು. ಮೂಲ್ಕಿಯ ಸಮೀಪದ ಕಿನ್ನಿಗೋಳಿಯ ಹೆಸರಿನಲ್ಲಿಯೂ ಅದೇ ಪದವಿದೆ, ಚಿಕ್ಕ ಗೋಳಿಮರವಿದ್ದ ಊರೆಂಬ ಅರ್ಥದಲ್ಲಿ.

ಪಂಜದಿಂದ ಮುಂದೆ ಎಣ್ಮೂರು. ಅಲ್ಲಿನ ಬಲ್ಲಾಳನ ಆಶ್ರಯದಲ್ಲಿದ್ದ ವೀರರು ಯುದ್ಧದಲ್ಲಿ ಮಡಿದದ್ದು ಎಣ್ಮೂರಿನಲ್ಲಿಯೇ. ಇದೆಲ್ಲ ನಡೆದದ್ದು ಸುಮಾರು 500 ವರ್ಷಗಳ ಹಿಂದೆ ಎಂಬುದು ಸಾಮಾನ್ಯ ನಂಬಿಕೆ. ಪಂಜೆ ಮಂಗೇಶರಾಯರ ‘ಕೋಟಿ ಚೆನ್ನಯ’ ಪುಸ್ತಕವು ಈ ಕಥೆಯನ್ನು ಕನ್ನಡದ ಓದುಗರಿಗೆ ಮುಟ್ಟಿಸಿತು. ಬನ್ನಂಜೆ ಬಾಬು ಅಮೀನ್ ಅವರಂಥ ಜಾನಪದ ವಿದ್ವಾಂಸರು ಪಾಡ್ದನದ ಪಾಠಗಳನ್ನು ಸಂಗ್ರಹಿಸಿ ಬರೆದಿಟ್ಟಿದ್ದಾರೆ.

ಮಕ್ಕಳ ಹೆಸರು ಉಳಿಯಿತು, ತಾಯಿಯದು?

ಪುತ್ತೂರಿನ ಮಹಾಲಿಂಗೇಶ್ವರ ದೇವಸ್ಥಾನದ ಮುಂದಿನ ದೇವರಮಾರು ಗದ್ದೆಯಲ್ಲಿ ನಡೆಯುವ ಕಂಬಳದ ಹೆಸರು ‘ಕೋಟಿ–ಚೆನ್ನಯ ಜೋಡುಕರೆ ಕಂಬಳ’. ಕೋಟ್ಯಪ್ಪ, ಚೆನ್ನಪ್ಪ, ಚೆನ್ನಯ್ಯ ಎಂಬ ಹೆಸರಿನ ಹಿರಿಯರು ಈ ಭಾಗದ ಊರೂರುಗಳಲ್ಲಿದ್ದಾರೆ. ಅಂದರೆ ವೀರರ ಹೆಸರುಗಳು ಗರಡಿಯಿಂದ ಹೊರಬಂದು ಮನೆಯನ್ನೂ ಸೇರಿದವು. ದೇಯಿ ಎಂಬ ಹೆಸರೂ ಒಂದು ಕಾಲದಲ್ಲಿ ಮನೆಗಳಲ್ಲಿತ್ತು. ಈಗ ಅದು ಅಜ್ಜಿಯಂದಿರ ತಲೆಮಾರಿನೊಂದಿಗೆ ಮರೆಯಾಗುತ್ತಿದೆ.

ಕಾರಣ ತಿಳಿಯಲು ಈ ಭಾಗದ ಹಳೆಯ ಹೆಸರುಗಳನ್ನೊಮ್ಮೆ ನೋಡಬೇಕು. ತುಳುನಾಡಿನ ಜನಸಾಮಾನ್ಯರಲ್ಲಿ ಹುಟ್ಟಿದ ವಾರದ ಹೆಸರನ್ನೇ ಮಗುವಿಗೆ ಇಡುವ ರೂಢಿಯಿತ್ತು. ಆದಿತ್ಯವಾರ ಹುಟ್ಟಿದವನು ಐತ, ಸೋಮವಾರದವನು ಚೋಮ, ಮಂಗಳವಾರದವನು ಅಂಗಾರ, ಬುಧವಾರದವನು ಬೂದ, ಗುರುವಾರದವನು ಗುರುವ, ಶುಕ್ರವಾರದವನು ತುಕ್ರ, ಶನಿವಾರದವನು ತನಿಯ. ಪುತ್ತೂರಿನಲ್ಲಿ ದೀರ್ಘಕಾಲ ನೆಲೆಸಿದ್ದ ಡಾ. ಶಿವರಾಮ ಕಾರಂತರು 1933ರಲ್ಲಿ ಪ್ರಕಟಿಸಿದ ‘ಚೋಮನ ದುಡಿ’ಯ ಚೋಮ, ಅವನ ಮಕ್ಕಳಾದ ಗುರುವ, ಚನಿಯ ಇವೆಲ್ಲ ಈ ಮಣ್ಣಿನಲ್ಲಿ ಕೇಳಿಬರುತ್ತಿದ್ದ ಹೆಸರುಗಳೇ. ಚೋಮನ ಮಗಳ ಹೆಸರು ಬೆಳ್ಳಿ. ಸುಳ್ಯ ಕ್ಷೇತ್ರವನ್ನು 1994ರಿಂದ 2023ರವರೆಗೆ ಸತತವಾಗಿ ವಿಧಾನಸಭೆಯಲ್ಲಿ ಪ್ರತಿನಿಧಿಸಿ, ಸಚಿವರೂ ಆಗಿದ್ದ ಎಸ್. ಅಂಗಾರ ಅವರು ಈ ಬಗೆಯ ಹೆಸರನ್ನು ರಾಜ್ಯದ ಮಂತ್ರಿಮಂಡಲದವರೆಗೆ ಕೊಂಡೊಯ್ದರು.

ಇಂಥ ಹೆಸರುಗಳಲ್ಲಿ ಒಂದು ನೋವೂ ಇತ್ತು. ಹೆಸರು ಕೇಳಿದೊಡನೆ ಜಾತಿ ತಿಳಿಯುತ್ತಿತ್ತು, ಜಾತಿ ತಿಳಿದೊಡನೆ ಕೂರಿಸುವ ಸ್ಥಳ ನಿರ್ಧಾರವಾಗುತ್ತಿತ್ತು. ಧಣಿಯ ಅಂಗಳದಲ್ಲಿ ಏಕವಚನದಲ್ಲಿ ಕೂಗಿಸಿಕೊಂಡ ಹೆಸರನ್ನು ಮಗಳಿಗೆ ಇಡಲು ಯಾವ ತಾಯಿಗೆ ಮನಸ್ಸಾದೀತು? ಶಾಲೆ, ಭೂಸುಧಾರಣೆ, ಮುಂಬೈಯ ಹೋಟೆಲು ಕೆಲಸ, ಗಲ್ಫಿನ ದುಡಿಮೆಗಳಿಂದ ಬದುಕು ಬದಲಾದಾಗ ಜನರು ಹೆಸರನ್ನೂ ಬದಲಾಯಿಸಿಕೊಂಡರು. ಅಕ್ಕು, ದೇಯಿ ಎಂಬ ಅಜ್ಜಿಯರ ಮಕ್ಕಳು ಗಿರಿಜಾ, ಲೀಲಾವತಿ, ವಾರಿಜಾ ಆದರು. ಅವರ ಮಕ್ಕಳು ಸುಜಾತಾ, ಮಮತಾ, ಶೋಭಾ ಆದರು. ಇಂದಿನ ಮೊಮ್ಮಕ್ಕಳು ಸಾನ್ವಿ, ಆದ್ಯಾ, ಆರಾಧ್ಯಾ. ಇದನ್ನು ಬರಿಯ ಶೋಕಿ ಎಂದು ತಳ್ಳಿಹಾಕುವಂತಿಲ್ಲ. ಹೆಸರು ಬದಲಿಸಿದ್ದು ಅನೇಕರಿಗೆ ಸ್ವಾಭಿಮಾನದ ಹೆಜ್ಜೆಯಾಗಿತ್ತು.

ಎರಡನೆಯ ಕಾರಣ ಭಕ್ತಿಯದು. ದೈವಸ್ಥಾನದಲ್ಲಿ ಕೈಮುಗಿಯುವ ಹೆಸರನ್ನು ಮಗುವಿಗಿಟ್ಟು, ಅದು ಹಟ ಮಾಡಿದಾಗ ಅದೇ ಹೆಸರಿನಿಂದ ಬೈಯುವುದು ಹೇಗೆ ಎಂಬ ಅಳುಕು ಹಿರಿಯರಲ್ಲಿದೆ. 2020ರಲ್ಲಿ ಗೆಜ್ಜೆಗಿರಿಯ ಕ್ಷೇತ್ರವು ಜೀರ್ಣೋದ್ಧಾರಗೊಂಡು ಬ್ರಹ್ಮಕಲಶೋತ್ಸವ ನಡೆದ ಬಳಿಕ ದೇಯಿಯ ಹೆಸರಿನ ಪ್ರಚಾರ ಹೆಚ್ಚಿದೆ. ಅದರೊಂದಿಗೆ ಈ ಅಳುಕೂ ಹೆಚ್ಚಿರಬಹುದು. ಆದರೆ ಲಕ್ಷ್ಮೀ, ಸರಸ್ವತಿ, ಪಾರ್ವತಿ ಎಂಬ ಮಕ್ಕಳನ್ನು ನಾವು ದಿನವೂ ಗದರುತ್ತಲೇ ಇದ್ದೇವೆ ಎಂಬುದನ್ನೂ ನೆನೆಯಬೇಕು.

ಒಂದು ಮನೆಯ ಅನುಭವ

ಈ ಲೇಖಕನ ತಾಯಿಯ ತಾಯಿಯ ಹೆಸರು ದೇಯಿ. ಊರಿನವರು, ನೆಂಟರು ಕರೆಯುತ್ತಿದ್ದುದು ಹಾಗೆಯೇ. ಆದರೆ ಪಡಿತರ ಚೀಟಿಯಲ್ಲಿದ್ದ ಹೆಸರು ದೇವಕಿ. ಎರಡನೆಯ ತರಗತಿಯವರೆಗೆ ಕಲಿತ ಅಜ್ಜಿಯನ್ನು ಶಾಲೆಗೆ ಸೇರಿಸಿಕೊಳ್ಳುವಾಗ ಮೇಷ್ಟ್ರು, ‘ದೇಯಿ ಎಂಬುದು ಪೂರ್ಣ ಹೆಸರಲ್ಲ’ ಎಂದು ತಾವೇ ದೇವಕಿ ಎಂದು ಬರೆದುಕೊಂಡರಂತೆ. ಮುಂದೆ ಮತದಾರರ ಪಟ್ಟಿಯಲ್ಲಿ, ಬ್ಯಾಂಕ್ ಪುಸ್ತಕದಲ್ಲಿ ದೇವಕಿಯೇ ಮುಂದುವರಿಯಿತು. ಜಾಗದ ಹಳೆಯ ಕಾಗದಪತ್ರಗಳಲ್ಲಿ ಮಾತ್ರ ದೇಯಿ ಉಳಿದಳು.

ಅಜ್ಜಿ ತೀರಿಕೊಂಡ ಮೇಲೆ ಜಾಗದ ಖಾತೆ ಬದಲಾವಣೆಗೆ ಹೋದಾಗ ಸಮಸ್ಯೆ ಎದುರಾಯಿತು. ಮರಣ ಪ್ರಮಾಣಪತ್ರದ ದೇವಕಿ ಮತ್ತು ಕಾಗದಪತ್ರದ ದೇಯಿ ಒಬ್ಬರೇ ಎಂಬುದಕ್ಕೆ ಏನು ಆಧಾರ ಎಂದು ಕೇಳಲಾಯಿತು. ಅಫಿಡವಿಟ್, ನೆರೆಯವರ ಹೇಳಿಕೆ, ಮತ್ತೆ ಮತ್ತೆ ಅಲೆದಾಟ. ಎಂಬತ್ತು ವರ್ಷ ಒಂದೇ ಹೆಸರಿನಿಂದ ಕರೆಸಿಕೊಂಡ ಹೆಂಗಸು ಆ ಹೆಸರಿನವಳೇ ಹೌದೆಂದು ಸಾಧಿಸಲು ನಮಗೆ ತಿಂಗಳುಗಳೇ ಬೇಕಾದವು. ಇದು ಒಂದು ಮನೆಯ ಕಥೆ ಮಾತ್ರವಲ್ಲ. ಮನೆಯಲ್ಲೊಂದು, ದಾಖಲೆಯಲ್ಲೊಂದು ಹೆಸರಿರುವ ಹಿರಿಯರು ಇರುವ ಕುಟುಂಬಗಳಿಗೆಲ್ಲ ಈ ಪಾಡು ಪರಿಚಿತ.

ಹಾಡಿನಿಂದ ತೊಟ್ಟಿಲಿಗೆ ಬಂದ ಹೆಸರುಗಳು

ಮೌಖಿಕ ಕಾವ್ಯದ ಹೆಸರುಗಳು ಈ ಕಾಲಕ್ಕೆ ಒಗ್ಗುವುದಿಲ್ಲ ಎಂಬ ವಾದವಿದೆ. ‘ಸಿರಿ’ ಎಂಬ ಹೆಸರು ಈ ವಾದವನ್ನು ಸುಳ್ಳಾಗಿಸುತ್ತದೆ. ಸಿರಿ ತುಳುವಿನ ಇನ್ನೊಂದು ಮಹಾಕಾವ್ಯದ ನಾಯಕಿ. ಬೆಳ್ತಂಗಡಿ ತಾಲ್ಲೂಕಿನ ಮಾಚಾರಿನ ಗೋಪಾಲ ನಾಯ್ಕರು ಹಾಡಿದ ಸಿರಿ ಪಾಡ್ದನವನ್ನು ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ ಅವರು ಡಾ. ಬಿ.ಎ. ವಿವೇಕ ರೈ ಹಾಗೂ ಡಾ. ಕೆ. ಚಿನ್ನಪ್ಪ ಗೌಡರ ಸಹಯೋಗದಲ್ಲಿ 1990ರಲ್ಲಿ ಧ್ವನಿಮುದ್ರಿಸಿಕೊಂಡರು. 15,683 ಸಾಲುಗಳ ಆ ಕಾವ್ಯ 1998ರಲ್ಲಿ ಎರಡು ಸಂಪುಟಗಳಲ್ಲಿ ಪ್ರಕಟವಾಯಿತು. ಇಂದು ಬೆಂಗಳೂರು, ಮೈಸೂರುಗಳಲ್ಲಿಯೂ ಸಿರಿ ಎಂಬ ಹೆಣ್ಣುಮಕ್ಕಳಿದ್ದಾರೆ. ಸಂಪತ್ತು ಎಂಬ ಅರ್ಥದ ‘ಸಿರಿ’ ಕನ್ನಡಕ್ಕೂ ಪರಿಚಿತ ಪದವಾದ್ದರಿಂದ ಅದಕ್ಕೆ ದಾರಿ ಸುಗಮವಾಯಿತು. 2011ರಲ್ಲಿ ಆಪಲ್ ಸಂಸ್ಥೆಯ ಫೋನಿನಲ್ಲಿ ಅದೇ ಹೆಸರು ಕೇಳಿಬಂದಿತು. ಆದರೆ ಅದು ಸಿಗ್ರಿಡ್ ಎಂಬುದರಿಂದ ಬಂದ ಸ್ಕ್ಯಾಂಡಿನೇವಿಯಾದ ಹೆಣ್ಣು ಹೆಸರು. ನಮ್ಮ ಸಿರಿಗೂ ಅದಕ್ಕೂ ಉಚ್ಚಾರಣೆಯ ಹೊರತು ನಂಟಿಲ್ಲ.

ಹೊರನಾಡಿನ ಒಂದು ಉದಾಹರಣೆ ಇನ್ನಷ್ಟು ಹತ್ತಿರದ್ದು. ಸ್ಲಾವಿಕ್ ಜನಾಂಗದ ನಾಡಾದ ಸರ್ಬಿಯಾದಲ್ಲಿ ‘ಮಿಲಿತ್ಸಾ’ ಎಂಬ ಹಳೆಯ ಹೆಣ್ಣು ಹೆಸರಿದೆ. ಪ್ರಿಯವಾದ, ಮುದ್ದಾದ ಎಂಬ ಅರ್ಥ ಕೊಡುವ ‘ಮಿಲ್’ ಎಂಬ ಸ್ಲಾವಿಕ್ ಧಾತು ಅದರ ಮೂಲ. 1389ರ ಕೊಸೊವೊ ಯುದ್ಧದಲ್ಲಿ ಮಡಿದ ಲಾಜರ್ ದೊರೆಯ ರಾಣಿಯ ಹೆಸರು ಮಿಲಿತ್ಸಾ. ಪತಿ ಮಡಿದ ಮೇಲೆ ಎಳೆಯ ಮಗನ ಪರವಾಗಿ ರಾಜ್ಯವನ್ನು ನಡೆಸಿದವಳು ಆಕೆ. ಸರ್ಬಿಯಾದ ವೀರಗೀತೆಗಳಲ್ಲಿ ಆಕೆ, ಯುದ್ಧಕ್ಕೆ ಹೊರಟ ತನ್ನ ಒಂಬತ್ತು ಮಂದಿ ಸೋದರರಲ್ಲಿ ಒಬ್ಬನನ್ನಾದರೂ ಮನೆಯಲ್ಲಿ ಬಿಟ್ಟುಹೋಗಬೇಕೆಂದು ದೊರೆಯನ್ನು ಬೇಡಿಕೊಳ್ಳುತ್ತಾಳೆ. ಸೋದರರು ಯಾರೂ ಉಳಿಯಲೊಪ್ಪುವುದಿಲ್ಲ. ಎಣ್ಮೂರಿನಲ್ಲಿ ಇಬ್ಬರು ತಮ್ಮಂದಿರನ್ನು ಕಳೆದುಕೊಂಡ ಕಿನ್ನಿದಾರುವಿನ ಕಥೆಯನ್ನು ಬಲ್ಲವರಿಗೆ ಈ ದುಃಖ ಹೊಸತಲ್ಲ.

ಆ ಗೀತೆಗಳನ್ನೂ ಪಾಡ್ದನಗಳಂತೆಯೇ ಬಾಯಿಂದ ಬಾಯಿಗೆ ಹಾಡಿಕೊಂಡು ಬರಲಾಗಿತ್ತು. ವುಕ್ ಕರಾಜಿಚ್ ಎಂಬ ವಿದ್ವಾಂಸ 19ನೆಯ ಶತಮಾನದಲ್ಲಿ ಅವನ್ನು ಸಂಗ್ರಹಿಸಿ ಮುದ್ರಿಸಿದ. ಹಾಡಿನ ರಾಣಿಯನ್ನು ಅಲ್ಲಿನ ಕ್ರೈಸ್ತ ಧರ್ಮಸಭೆ ಸಂತಳೆಂದು ಪೂಜಿಸುತ್ತದೆ. ಆದರೂ ಮಿಲಿತ್ಸಾ ಇಂದಿಗೂ ಸರ್ಬಿಯಾದ ಅತ್ಯಂತ ಸಾಮಾನ್ಯವಾದ ಹೆಣ್ಣು ಹೆಸರುಗಳಲ್ಲಿ ಒಂದು. ಪೂಜೆಗೆ ಸಂದ ಹೆಸರು ಮನೆಯ ಅಂಗಳದಲ್ಲಿ ಓಡಾಡಬಾರದೆಂಬ ನಿಯಮವೇನೂ ಇಲ್ಲವೆಂಬುದಕ್ಕೆ ಇದು ಸಾಕ್ಷಿ.

ಹೆಸರಿಡುವವರು ತಿಳಿದಿರಬೇಕಾದದ್ದು

ವ್ಯಾವಹಾರಿಕವಾಗಿ ನೋಡಿದರೂ ‘ದೇಯಿ’ಯಲ್ಲಿ ಅನುಕೂಲಗಳಿವೆ. ಇಂದಿನ ಪೋಷಕರು ಬಯಸುವಂತೆ ಅದು ಚಿಕ್ಕದು. ಕನ್ನಡದಲ್ಲಿ ಎರಡಕ್ಷರ, ಇಂಗ್ಲಿಷಿನಲ್ಲಿ ಬರೆದರೆ ನಾಲ್ಕಕ್ಷರ. ತುಳು, ಕನ್ನಡ, ಅರೆಭಾಷೆ, ಹವ್ಯಕ, ಬ್ಯಾರಿ, ಕೊಂಕಣಿ, ಮಲಯಾಳಗಳೆಲ್ಲ ಕೇಳಿಬರುವ ಈ ಮೂರು ತಾಲ್ಲೂಕುಗಳಲ್ಲಿ ಯಾರ ನಾಲಗೆಗೂ ಕಷ್ಟವಿಲ್ಲ. ನಕ್ಷತ್ರದ ಅಕ್ಷರ ನೋಡಿ ಹೆಸರಿಡುವವರಿಗೆ ರೇವತಿ ನಕ್ಷತ್ರದ ಮೊದಲನೆಯ ಪಾದದ ಅಕ್ಷರವೇ ‘ದೇ’.

ದಾಖಲೆಯ ವಿಷಯದಲ್ಲಿ ಮಾತ್ರ ಎಚ್ಚರಿಕೆ ಅಗತ್ಯ. ಜನನವನ್ನು 21 ದಿನಗಳೊಳಗೆ ನೋಂದಾಯಿಸಬೇಕು. ಆದರೆ ಮಗುವಿನ ಹೆಸರನ್ನು ಆಗಲೇ ಬರೆಸಬೇಕೆಂದಿಲ್ಲ. ಜನನ–ಮರಣ ನೋಂದಣಿ ಕಾಯ್ದೆ, 1969ರ 14ನೇ ಸೆಕ್ಷನ್ ಹೆಸರನ್ನು ಅನಂತರ ಸೇರಿಸಲು ಅವಕಾಶ ನೀಡುತ್ತದೆ. ನೋಂದಣಿಯಾದ 12 ತಿಂಗಳೊಳಗಾದರೆ ಇದಕ್ಕೆ ಶುಲ್ಕವಿಲ್ಲ. ಅಲ್ಲಿಂದ 15 ವರ್ಷಗಳವರೆಗೆ ವಿಳಂಬ ಶುಲ್ಕ ತೆತ್ತು ಸೇರಿಸಬಹುದು. ಆದ್ದರಿಂದ ಹೆಸರಿನ ಬಗ್ಗೆ ಮನೆಯಲ್ಲಿ ಒಮ್ಮತ ಮೂಡುವವರೆಗೆ ಕಾಯಲು ಅಡ್ಡಿಯಿಲ್ಲ.

ಕಾಯ್ದೆಗೆ 2023ರಲ್ಲಿ ತಂದ ತಿದ್ದುಪಡಿಯಿಂದಾಗಿ ಈ ಬರಹದ ಮಹತ್ವ ಇನ್ನೂ ಹೆಚ್ಚಿದೆ. 2023ರ ಅಕ್ಟೋಬರ್ 1ರಂದು ಅಥವಾ ಅನಂತರ ಹುಟ್ಟಿದವರಿಗೆ ಶಾಲಾ ಪ್ರವೇಶ, ಚಾಲನಾ ಪರವಾನಗಿ, ಮತದಾರರ ಪಟ್ಟಿ, ವಿವಾಹ ನೋಂದಣಿ ಮೊದಲಾದವುಗಳಿಗೆ ಜನನ ದಿನಾಂಕ ಮತ್ತು ಸ್ಥಳದ ಆಧಾರವಾಗಿ ಜನನ ಪ್ರಮಾಣಪತ್ರವನ್ನೇ ಬಳಸಲಾಗುತ್ತದೆ. ಆರಂಭದಲ್ಲಿ ಬರೆದ ಹೆಸರು ಕೊನೆಯವರೆಗೆ ಜೊತೆಗೆ ಬರುತ್ತದೆ. ಮನೆಯಲ್ಲಿ ಕರೆಯುವ ಹೆಸರು ಮತ್ತು ಕಾಗದದ ಹೆಸರು ಒಂದೇ ಆಗಿದ್ದರೆ ಮುಂದಿನ ತಲೆಮಾರಿಗೆ ಅಲೆದಾಟ ತಪ್ಪುತ್ತದೆ. ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಅಕ್ಷರಗಳನ್ನು ಸಹಿ ಹಾಕುವ ಮೊದಲು ಓದಿ ನೋಡುವುದು ಒಳಿತು.

ಕೊನೆಗೆ ಉಳಿದ ಹೆಸರು

ಈ ಲೇಖಕನ ತಂಗಿಗೆ ಹೆಣ್ಣುಮಗು ಹುಟ್ಟಿದಾಗ ಮನೆಯಲ್ಲಿ ಹೆಸರಿನ ಚರ್ಚೆ ಹಲವು ವಾರ ನಡೆಯಿತು. ಮೊಬೈಲ್ ತೋರಿಸಿದ ಹೆಸರುಗಳ ಪಟ್ಟಿ ಉದ್ದವಾಗಿತ್ತು. ಅಮ್ಮ ಒಮ್ಮೆ ಮಾತ್ರ ತಮ್ಮ ತಾಯಿಯ ಹೆಸರನ್ನು ಹೇಳಿ ಸುಮ್ಮನಾದರು. ಬೆಂಗಳೂರಿನ ಶಾಲೆಯಲ್ಲಿ ಮಕ್ಕಳು ನಗುತ್ತಾರೆ ಎಂಬುದು ತಂಗಿಯ ಆತಂಕವಾಗಿತ್ತು. ಆ ಆತಂಕ ನಿರಾಧಾರವೇನೂ ಅಲ್ಲ.

ಬಾಣಂತನಕ್ಕೆ ಊರಿಗೆ ಬಂದಿದ್ದ ಆಕೆ ಒಂದು ಸಂಜೆ ಸುವರ್ಣ ಕೇದಗೆಯ ಕಥೆಯನ್ನು ಅಮ್ಮನಿಂದ ಪೂರ್ತಿ ಕೇಳಿದಳು. ಚಿಕ್ಕಂದಿನಿಂದ ಕೋಟಿ–ಚೆನ್ನಯರ ಶೌರ್ಯದ ಭಾಗವನ್ನಷ್ಟೇ ಕೇಳಿದ್ದ ಆಕೆಗೆ, ದೇಯಿ ಎಂಬುದು ಕಾಡಿನಿಂದ ಕರೆತಂದವನ ಮನೆಯಲ್ಲಿ ಸಿಕ್ಕ ಹೆಸರೆಂದು ತಿಳಿದಿರಲಿಲ್ಲ. ಮರುದಿನ ಪಟ್ಟಿಯ ಮಾತು ಬರಲಿಲ್ಲ.

ಹೆಸರು ಸೇರಿಸಲು ಹೋದಾಗ ಕಚೇರಿಯಲ್ಲಿ ಅರ್ಜಿ ಓದಿದವರು ತಲೆ ಎತ್ತಿ ಕೇಳಿದರು: ‘ಇದು ದೇವಿ ಅಲ್ವಾ ಮೇಡಂ? ತಪ್ಪು ಬರೆದಿದ್ದೀರಿ.’

‘ತಪ್ಪಲ್ಲ ಸರ್. ದೇಯಿ. ಯಿ ಎಂದೇ ಬರೆಯಿರಿ’ ಎಂದಳು ತಂಗಿ. ಬರೆದುದನ್ನು ಎರಡು ಬಾರಿ ಓದಿ ನೋಡಿದ ಮೇಲೆಯೇ ಸಹಿ ಹಾಕಿದಳು.